ಗಟ್ಟಿಯಾಗಿ ಓದುತ್ತಿದ್ದ ಸದಾಶಿವಣ್ಣ

ಸದಾಶಿವಣ್ಣನಿಗೆ ಮನಸ್ಸಿನಲ್ಲೇ ಓದಿಕೊಳ್ಳುವುದು ಬರುತ್ತಿರಲಿಲ್ಲ. ಪೇಪರಿನ ತಲೆಬರಹವಿರಲಿ, ಔಷಧಿ ಬಾಟಲಿಗೆ ಅಂಟಿಸಿದ ಚೀಟಿಯಿರಲಿ, ಕಣ್ಣಿಗೆ ಬಿದ್ದದ್ದು ಬಾಯಿಂದ ಹೊರಗೆ ಬರಲೇಬೇಕು. ಮೊದಲ ಸಲ ನಮ್ಮ ಲೈಬ್ರರಿಗೆ ಬಂದವರು ಬಾಗಿಲಲ್ಲೇ ನಿಂತು, ಗೋಡೆಯ ಮೇಲಿದ್ದ ‘ನಿಶ್ಶಬ್ದವಾಗಿರಿ’ ಎಂಬ ಫಲಕವನ್ನು ಇಡೀ ಕೋಣೆಗೆ ಕೇಳುವಂತೆ ಓದಿದರು. ಆಮೇಲೆ, “ಒಳ್ಳೇದು, ಇರ್ಬೇಕು ಹಂಗೆ” ಎಂದು ಕುರ್ಚಿ ಎಳೆದುಕೊಂಡು ಕೂತು, ಅದೇ ದನಿಯಲ್ಲಿ ಅಡಿಕೆ ಧಾರಣೆ ಓದಲು ಶುರು ಮಾಡಿದರು.

ನಾನು ಕೊಪ್ಪದ ಪಕ್ಕ, ಬಾಳಗಡಿ ಕಡೆಯ ಒಂದು ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಹತ್ತಿರದಲ್ಲಿ ಕಾಲೇಜುಗಳಿರುವುದರಿಂದ ನಮ್ಮಲ್ಲಿ ಬೆಳಗ್ಗೆಯಿಂದ ಹುಡುಗ ಹುಡುಗಿಯರು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಾ ಕೂತಿರುತ್ತಾರೆ. ಸದಾಶಿವಣ್ಣ ಪೇಪರ್ ಓದುತ್ತಿದ್ದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಗೆ ಒಬ್ಬ ಧೈರ್ಯ ಮಾಡಿ, “ಸ್ವಲ್ಪ ಮೆಲ್ಲಗೆ ಓದ್ತೀರಾ ಸಾರ್” ಎಂದ.

“ಮೆಲ್ಲಗೆ ಓದಿದ್ರೆ ನಂಗೇ ಕೇಳದಿಲ್ಲ ಮಾರಾಯ” ಎಂದರು ಸದಾಶಿವಣ್ಣ. ಜಗಳಕ್ಕೆ ಹೇಳಿದ ಮಾತಲ್ಲ ಅದು. ಅವರಿಗೆ ನಿಜವಾಗಿಯೂ ಹಾಗೇ ಅನಿಸುತ್ತಿತ್ತು.

ಅವರು ಆಯಸ್ಸಿನ ಬಹುಪಾಲು ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೊಪ್ಪದಿಂದ ಶೃಂಗೇರಿ, ಕೊಪ್ಪದಿಂದ ನರಸಿಂಹರಾಜಪುರ, ನಡುವೆ ಕೆಲವು ವರ್ಷ ಬಸರೀಕಟ್ಟೆ ರೂಟು. ಮಾಲೀಕರು ನಷ್ಟವೆಂದು ಬಸ್ ಮಾರಿದ ಮೇಲೆ ಮನೆಯಲ್ಲಿ ಕೂತರು. ಹೆಂಡತಿ ರತ್ನಕ್ಕ ಬಾಳಗಡಿಯಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಮನೆ ನಡೆಯುತ್ತಿದ್ದದ್ದು ಅದರಿಂದ. “ಅಂಗಡೀಲಿ ಕೂರ್ಬೇಡಿ, ಬಂದ ಹೆಂಗಸ್ರ ಹತ್ರ ಎಲ್ಲಿಗೆ ಹೋಗ್ಬೇಕು ಅಂತ ಕೇಳ್ತೀರಿ ನೀವು” ಎಂದು ರತ್ನಕ್ಕನೇ ಅವರನ್ನು ಲೈಬ್ರರಿಗೆ ಅಟ್ಟಿದ್ದಂತೆ.

ನಾನು ಅವರನ್ನು ಹಿಂದಿನ ಜಗಲಿಗೆ ಕಳಿಸಿದೆ. ಅಲ್ಲಿ ಹಳೆಯ ಎರಡು ಬೆಂಚುಗಳಿದ್ದವು, ಮೇಲೆ ಶೀಟು, ಎದುರಿಗೆ ಪಂಚಾಯಿತಿಯ ನೀರಿನ ಟ್ಯಾಂಕು. ಬೇಜಾರಾಗಿ ತಾವಾಗಿಯೇ ಬಿಡುತ್ತಾರೆ ಎಂದುಕೊಂಡಿದ್ದೆ. ಆದದ್ದು ಬೇರೆ. ನೀರು ಹಿಡಿಯಲು ಬಂದ ಹೆಂಗಸರು ಕೊಡ ತುಂಬುವವರೆಗೆ ನಿಂತು ಕೇಳಿದರು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಒಬ್ಬ ನಿವೃತ್ತ ಮೇಷ್ಟ್ರು ಬೆಂಚಿನ ತುದಿಯಲ್ಲಿ ಕೂರತೊಡಗಿದರು. ಪೆನ್ಶನ್ ಕೇಳಲು ಪಂಚಾಯಿತಿಗೆ ಬಂದ ಮುದುಕಿಯರು ಕೆಲಸ ಆಗದೆ ಈ ಕಡೆ ಬಂದು ಕಾಲು ಚಾಚಿದರು. ಸಂಜೆ ಶಾಲೆ ಬಿಟ್ಟ ಮಕ್ಕಳು ಬ್ಯಾಗು ಸಮೇತ ನೆಲದ ಮೇಲೆ ಕೂತರು. ಪೇಪರ್ ಮುಗಿದ ಮೇಲೆ ಇನ್ನೇನಾದರೂ ಓದಿ ಎಂದು ಕೂತವರೇ ಕೇಳಿದ್ದರಿಂದ ನಾನು ಒಳಗಿಂದ ಒಂದು ಕಾದಂಬರಿ ತಂದುಕೊಟ್ಟೆ. ಆಮೇಲೆ ಅದೇ ಪದ್ಧತಿಯಾಯಿತು.

ಓದುವಾಗ ಅವರು ಕಂಡಕ್ಟರೇ. ಹೊಸಬರು ಬಂದರೆ, “ಒಳಗೆ ಬನ್ನಿ, ಹಿಂದೆ ಜಾಗ ಇದೆ” ಎನ್ನುತ್ತಿದ್ದರು. ಕಥೆ ಎಳೆಯುತ್ತಿದ್ದರೆ ಪುಸ್ತಕದಿಂದ ತಲೆಯೆತ್ತಿ, “ಈ ಅಧ್ಯಾಯ ಸ್ವಲ್ಪ ಘಾಟಿ. ತಾಳ್ಕೊಳಿ, ಮುಂದೆ ಇಳಿಜಾರು” ಎಂದು ಸಮಾಧಾನ ಹೇಳುತ್ತಿದ್ದರು. ಯಾರಾದರೂ ನಡುವೆ ಎದ್ದರೆ ಅಧ್ಯಾಯ ಮುಗಿಯುವವರೆಗೆ ಬಿಡುತ್ತಿರಲಿಲ್ಲ. “ಇಲ್ಲಿ ಸ್ಟಾಪ್ ಇಲ್ಲ, ಮುಂದೆ ಇಳೀರಿ.” ಪಾತ್ರಗಳನ್ನು ಬೈಯುವುದೂ ಇತ್ತು. ಒಮ್ಮೆ ಒಬ್ಬ ಕಥಾನಾಯಕ ತಂಗಿಯ ಒಡವೆ ಕದ್ದಾಗ, ಓದು ನಿಲ್ಲಿಸಿ, “ಇವ್ನನ್ನ ಅರ್ಧ ದಾರೀಲಿ ಇಳಿಸ್ಬೇಕು” ಎಂದು ಪುಸ್ತಕ ಮುಚ್ಚಿ ಎದ್ದು ಹೋದವರು ಮಾರನೆಯ ದಿನವೇ ಮುಂದುವರಿಸಿದ್ದು.

ಆದರೆ ಅವರು ತೀರಾ ಸಾಧು ಮನುಷ್ಯರೇನಲ್ಲ. ಜಂಬ ಜಾಸ್ತಿ. ಓದುವುದಕ್ಕೆಂದು ಇಸ್ತ್ರಿ ಮಾಡಿದ ಶರ್ಟು ಹಾಕಿ, ಮೀಸೆಗೆ ಬಣ್ಣ ಹಚ್ಚಿ ಬರುತ್ತಿದ್ದರು. ಇನ್ನೊಬ್ಬರ ಕೈಗೆ ಪುಸ್ತಕ ಕೊಡುತ್ತಿರಲಿಲ್ಲ. ಜ್ವರ ಬಂದು ಮಲಗಿದ್ದಾಗ ಅವರ ಬದಲು ನಾನು ಓದಿದೆ ಎಂದು ಗೊತ್ತಾಗಿ, ಬಂದ ಕೂಡಲೇ ಕೇಳಿದ್ದು, “ಎಷ್ಟು ಜನ ನಿದ್ದೆ ಮಾಡಿದ್ರು?” ಎಂದು. ಮಹಾಪ್ರಾಣ ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಮೇಷ್ಟ್ರು ತಿದ್ದಿದರೆ, “ಅದು ಬರೆಯಕ್ಕೆ ಇರದು ಸಾರ್, ಹೇಳಕ್ಕಲ್ಲ” ಎಂದು ಮುಂದೆ ಹೋಗುತ್ತಿದ್ದರು. ಇನ್ನೊಂದು ಹಟ, ಮುಂದಿನ ಪುಟವನ್ನು ಮೊದಲೇ ನೋಡಬಾರದು. “ನಾನೂ ನಿಮ್ಮ ಜೊತೇಗೇ ಹತ್ತಿದವ. ಮುಂದಿನ ಊರಲ್ಲಿ ಎಂತ ಆಗಿದೆ ಅಂತ ನಂಗೆ ಹೆಂಗೆ ಗೊತ್ತು” ಎನ್ನುತ್ತಿದ್ದರು.

ಪ್ರತಿಷ್ಠಾನದವರು ಬಂದದ್ದು ಇಂಥ ಒಂದು ಮಧ್ಯಾಹ್ನ.

ಹೆಸರು ಹೇಳುವುದಿಲ್ಲ. ದೊಡ್ಡ ಉದ್ಯಮಿಯ ಕುಟುಂಬ ನಡೆಸುವ ದತ್ತಿಸಂಸ್ಥೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಲೈಬ್ರರಿಗಳನ್ನು ನೋಡುತ್ತಾ ಬಂದಿದ್ದರು. ನಿರ್ದೇಶಕಿ ಜಗಲಿಯ ಬಾಗಿಲಲ್ಲಿ ನಿಂತು ಪೂರ್ತಿ ಒಂದು ಅಧ್ಯಾಯ ಕೇಳಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅದು ನಾಟಕ ಎಂದು ನಾನು ಈಗಲೂ ಹೇಳಲಾರೆ. “ನಾವು ಹುಡುಕ್ತಾ ಇದ್ದದ್ದು ಇದನ್ನೇ” ಎಂದು ನನ್ನ ಕೈ ಹಿಡಿದುಕೊಂಡರು.

ಅವರು ಕೊಟ್ಟದ್ದೂ ಸುಳ್ಳಲ್ಲ. ಪಂಚಾಯಿತಿಯ ಜೊತೆ ಒಪ್ಪಂದವಾಯಿತು. ಸೋರುತ್ತಿದ್ದ ಮಾಡು ರಿಪೇರಿಯಾಯಿತು. ಹುಡುಗಿಯರಿಗೆ ಶೌಚಾಲಯ ಬಂತು, ವಯಸ್ಸಾದವರಿಗೆ ಹಿಡಿದು ಹತ್ತಲು ಕಂಬಿ ಬಂತು. ದಪ್ಪ ಅಕ್ಷರದ ಪುಸ್ತಕಗಳು, ಓದುವ ಕನ್ನಡಕಗಳು, ಕೂಸುಗಳು ಎಳೆದರೂ ಹರಿಯದ ಬಟ್ಟೆಯ ಪುಸ್ತಕಗಳು ಬಂದವು. ಸೋಮವಾರ ಹಸುಗೂಸುಗಳ ತಾಯಂದಿರಿಗೆ, ಬುಧವಾರ ಶಾಲೆಯ ಮಕ್ಕಳಿಗೆ, ಶುಕ್ರವಾರ ಹಿರಿಯರಿಗೆ ಎಂದು ದಿನ ಗೊತ್ತಾಯಿತು. ಪರೀಕ್ಷೆಗೆ ಓದುವವರಿಗೆ ಬೇರೆಯೇ ಕೋಣೆ. ಚಹಾ ಬಿಸ್ಕತ್ತು. ಇಷ್ಟೆಲ್ಲ ನಾನು ಪಂಚಾಯಿತಿಯನ್ನು ಕೇಳಿದ್ದರೆ ನಿವೃತ್ತಿಯಾಗುವವರೆಗೂ ಕೇಳುತ್ತಲೇ ಇರಬೇಕಿತ್ತು.

ಸದಾಶಿವಣ್ಣನಿಗೆ ಕುತ್ತಿಗೆಗೆ ಬ್ಯಾಡ್ಜು ಬಂತು, ಸಂಸ್ಥೆಯ ಹೆಸರಿದ್ದ ಹಳದಿ ಶರ್ಟು ಬಂತು, ತಿಂಗಳಿಗೆ ಗೌರವಧನ. ಮತ್ತೆ ಒಂದು ವ್ಯಾನು. ಅದರಲ್ಲಿ ಪುಸ್ತಕ ತುಂಬಿಕೊಂಡು ಬಸರೀಕಟ್ಟೆಯ ಎಸ್ಟೇಟಿನ ಲೈನುಗಳಿಗೆ, ಅಂದರೆ ಕೆಲಸದವರ ಸಾಲುಮನೆಗಳಿಗೆ, ಒಂದು ದಿನ. ಕಡಹಿನಬೈಲಿಗೆ ಒಂದು ದಿನ. ಶೃಂಗೇರಿ ಕಡೆಯ ಹಳ್ಳಿಗಳಿಗೆ ಒಂದು ದಿನ. ಮೊದಲ ದಿನ ವ್ಯಾನಿನ ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಸರಳು ಹಿಡಿದು ಹೊರಟ ಅವರನ್ನು ನೋಡಬೇಕಿತ್ತು. ರತ್ನಕ್ಕ ಅಂಗಡಿಯಿಂದ ಹೊರಗೆ ಬಂದು, ಮೆಷಿನ್ ಮೇಲೆ ಬಟ್ಟೆ ಹಾಗೇ ಬಿಟ್ಟು, ರಸ್ತೆ ತಿರುವಿನವರೆಗೆ ನೋಡುತ್ತಾ ನಿಂತಿದ್ದರು.

ಜಿಲ್ಲಾ ಕೇಂದ್ರದ ಹೋಟೆಲೊಂದರಲ್ಲಿ ತರಬೇತಿ ನಡೆಯಿತು. ಕಥೆ ಹೇಳುವಾಗ ಕೈಗೊಂಬೆ ಹೇಗೆ ಆಡಿಸಬೇಕೆಂದು ಒಬ್ಬರು ಕಲಿಸಿದರು. ಸದಾಶಿವಣ್ಣ ಎರಡೂ ಕೈಗೆ ಗೊಂಬೆ ಹಾಕಿಕೊಂಡು ನೋಡಿ, “ಅಲ್ಲ ಮೇಡಂ, ಪುಸ್ತಕ ಹಿಡಿಯದು ಯಾವ ಕೈಯಲ್ಲಿ?” ಎಂದು ಕೇಳಿದರು. ಎಲ್ಲರೂ ನಕ್ಕರು. ಆ ನಗುವನ್ನು ವಿಡಿಯೋ ಮಾಡಿಕೊಂಡರು.

ಎಸ್ಟೇಟಿನ ಲೈನಿನಲ್ಲಿ ಅವರು ಓದಲು ಹಿಡಿದದ್ದು ಒಂದು ದಪ್ಪ ಕಾದಂಬರಿ. ಗಂಡ ಅಣೆಕಟ್ಟಿನ ಕೆಲಸಕ್ಕೆಂದು ಹೋದವನು ಬರುವುದಿಲ್ಲ. ಕಾವೇರಿ ಎಂಬ ಹೆಂಗಸು ಅವನನ್ನು ಹುಡುಕಿಕೊಂಡು ಊರು ಬಿಡುತ್ತಾಳೆ. ಒಂದೆರಡು ಸಲ ನಾನೂ ವ್ಯಾನಿನಲ್ಲಿ ಹೋಗಿದ್ದೆ. ಕೆಲಸ ಬಿಟ್ಟು ಬಂದ ಹೆಂಗಸರು ಕೈಕಾಲು ತೊಳೆದು, ಒಲೆಗೆ ಅಕ್ಕಿ ಹಾಕಿ ಬಂದು ಅಂಗಳದಲ್ಲಿ ಕೂರುತ್ತಿದ್ದರು. ಓದಿಗಿಂತ ಜಗಳವೇ ಹೆಚ್ಚು. ಜಾನಕಿ ಎಂಬಾಕೆಗೆ ಮಾತ್ರ ಕಾವೇರಿಯ ಮೇಲೆ ಸಿಟ್ಟು.

“ಹುಡುಕ್ಕೊಂಡು ಹೋಗಿದ್ದೇ ತಪ್ಪು ಅಣ್ಣ. ಬರ್ಬೇಕು ಅಂತಿದ್ದಿದ್ರೆ ಬರ್ತಿದ್ದ.”

“ಪೂರ್ತಿ ಕೇಳು ಮಾರಾಯ್ತಿ, ಅವ್ನಿಗೆ ಎಂತ ಆಗಿದೆಯೋ.”

“ಎಂತೂ ಆಗಿರದಿಲ್ಲ. ನೋಡಿ ಬೇಕಾದ್ರೆ.”

ವಾರವಿಡೀ ಕೆಲಸದ ನಡುವೆ ಇದೇ ಮಾತಂತೆ. ವ್ಯಾನು ಗೇಟು ದಾಟಿ ಬರುವಾಗಲೇ, “ಕಾವೇರಿಗೆ ಗಂಡ ಸಿಕ್ದನಾ ಕಂಡಕ್ಟ್ರೇ?” ಎಂದು ಕೂಗುತ್ತಿದ್ದರು.

ಎರಡನೆಯ ವರ್ಷ ಪ್ರತಿಷ್ಠಾನದಿಂದ ಮೌಲ್ಯಮಾಪನಕ್ಕೆ ಜನ ಬಂದರು. ಟ್ಯಾಬ್ ಹಿಡಿದುಕೊಂಡು ಬಂದ ಹುಡುಗರು ಮಕ್ಕಳನ್ನು ಓದಿಸಿ ನೋಡಿದರು, ಮೊದಲಿಗಿಂತ ಎಷ್ಟು ಬೇಗ ಓದುತ್ತಾರೆ ಎಂದು ಅಳೆದರು. ಅದು ಸುಲಭವಾಯಿತು. ಹಿರಿಯರ ಸರದಿ ಬಂದಾಗ ಕಷ್ಟವಾಯಿತು. ಅವರಿಗೆ ಏನು ಬದಲಾವಣೆಯಾಗಿದೆ ಎಂದು ಕೇಳಿದರೆ ಒಬ್ಬ ಅಜ್ಜಿ, “ಮಂಡಿ ನೋವು ಹಂಗೇ ಇದೆ” ಎಂದಳು. ಕೊನೆಗೆ ಸದಾಶಿವಣ್ಣನನ್ನೇ ಕೇಳಿದರು.

“ಹಿರಿಯರಿಗೆ ಓದಿ ಹೇಳಿದ್ರಿಂದ ಬಂದ ಫಲಿತಾಂಶ ಏನು ಸಾರ್?”

“ಕೇಳಿದ್ರು” ಎಂದರು ಸದಾಶಿವಣ್ಣ.

“ಅಲ್ಲ, ಕೇಳಿದ್ರಿಂದ ಏನಾಯ್ತು?”

ಅವರು ಸ್ವಲ್ಪ ಯೋಚಿಸಿದರು. ತಮಾಷೆ ಮಾಡಲಿಲ್ಲ. “ಮತ್ತೆ ಬಂದ್ರು” ಎಂದರು.

ಹುಡುಗ ಟ್ಯಾಬಿನಲ್ಲಿ ಏನು ಒತ್ತಿದನೋ ಗೊತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಸದಾಶಿವಣ್ಣ ಸಪ್ಪಗಿದ್ದರು. “ನಾನು ಸರಿ ಹೇಳ್ಲಿಲ್ಲ ಅಂತ ಕಾಣ್ತದೆ ತಂಗಿ. ಇವ್ರಿಗೆ ಬೇರೆ ಎಂತದೋ ಬೇಕಿತ್ತು. ಮೊದ್ಲೇ ಹೇಳಿದ್ರೆ ಕಲ್ತುಕೊಂಡಾದ್ರೂ ಬರ್ತಿದ್ದೆ.”

ಯೋಜನೆ ನಿಂತದ್ದು ಅದರಿಂದಲೇ ಎಂದು ನಾನು ಹೇಳುವುದಿಲ್ಲ. ಅವರ ಆಡಳಿತ ಮಂಡಳಿಯಲ್ಲಿ ಏನು ಮಾತಾಯಿತೋ ನಮಗ್ಯಾರಿಗೂ ತಿಳಿಯದು. ಒಪ್ಪಂದದ ಅವಧಿ ಮುಗಿಯುತ್ತಾ ಬಂದಿತ್ತು. ಪ್ರತಿಷ್ಠಾನ ಇನ್ನು ಮೇಲೆ ಯುವಕರ ಕೌಶಲ ತರಬೇತಿಗೆ ಗಮನ ಕೊಡುತ್ತದೆ, ಅದೂ ಬೇರೆ ಜಿಲ್ಲೆಯಲ್ಲಿ ಎಂದು ಫೋನಿನಲ್ಲಿ ತಿಳಿಸಿದರು. ನಮ್ಮಲ್ಲಿ ಮಾಡಿದ್ದು ಯಶಸ್ವಿಯಾಗಿದೆ, ಆದ್ದರಿಂದ ಸಮುದಾಯವೇ ಅದನ್ನು ಮುಂದುವರಿಸಿಕೊಂಡು ಹೋಗುತ್ತದೆ ಎಂಬ ಭರವಸೆ ಅವರಿಗಿದೆಯಂತೆ. ಸಮುದಾಯ ಎಂದರೆ ನಾನು, ಸದಾಶಿವಣ್ಣ, ಮತ್ತು ಕರೆಂಟ್ ಬಿಲ್ಲಿಗೇ ಒದ್ದಾಡುವ ಪಂಚಾಯಿತಿ.

ಶೃಂಗೇರಿಯ ಒಂದು ಸಭಾಭವನದಲ್ಲಿ ಸಮಾರೋಪ ಸಮಾರಂಭ. ಮೂರು ತಾಲ್ಲೂಕಿನಿಂದಲೂ ಜನ ಬಂದಿದ್ದರು. ವೇದಿಕೆಯ ಹಿಂದೆ ಸದಾಶಿವಣ್ಣನ ದೊಡ್ಡ ಚಿತ್ರ: ಹಳದಿ ಶರ್ಟು, ಬಾಯಿ ತೆರೆದಿದೆ, ಎದುರಿಗೆ ಮಕ್ಕಳು. ಅವರಿಗೆ ಶಾಲು ಹೊದಿಸಿ, ಎರಡು ಮಾತಾಡಿ ಎಂದರು.

ಸದಾಶಿವಣ್ಣ ಮೈಕು ಪಕ್ಕಕ್ಕೆ ಸರಿಸಿದರು. ಅವರಿಗೆ ಅದರ ಅಗತ್ಯವಿರಲಿಲ್ಲ.

“ನಂಗೆ ಭಾಷಣ ಬರದಿಲ್ಲ. ಒಂದೇ ಮಾತು ಕೇಳ್ತೀನಿ. ಬಸರೀಕಟ್ಟೇಲಿ ಪುಸ್ತಕ ಅರ್ಧ ಆಗಿದೆ. ಕಾವೇರಿ ಈಗಷ್ಟೇ ಅಣೆಕಟ್ಟಿನ ಹತ್ರ ಬಂದಿದಾಳೆ. ಅದೊಂದು ಮುಗಿಯೋವರೆಗೆ ವ್ಯಾನ್ ಬಿಡಿ. ನಂಗೆ ಸಂಬಳ ಬೇಡ. ಹತ್ತಿಸ್ಕೊಂಡು ಹೊರಟ ಮೇಲೆ ನಡುವೆ ಕಾಡಲ್ಲಿ ಇಳಿಸಿ ಬಂದ್ರೆ ಆಗದಿಲ್ಲ.”

ಸಭೆ ಚಪ್ಪಾಳೆ ತಟ್ಟಿತು. ನಿರ್ದೇಶಕಿಯೂ ತಟ್ಟಿದರು. ಎಷ್ಟು ಚೆನ್ನಾಗಿ ಮಾತಾಡಿದರು ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ವೇದಿಕೆಯಿಂದ ಇಳಿಯುವಾಗ ಅವರ ಭುಜ ತಟ್ಟಿ, “ನೋಡೋಣ ಸಾರ್, ಖಂಡಿತ ನೋಡೋಣ” ಎಂದರು. ಊಟಕ್ಕೆ ಹೋಳಿಗೆ ಇತ್ತು. ಸದಾಶಿವಣ್ಣ ಎರಡು ಹಾಕಿಸಿಕೊಂಡರು. ಕೆಲಸವಾಯಿತೆಂದೇ ಅವರು ನಂಬಿದ್ದರು.

ಆ ವಾರದಲ್ಲೇ ವ್ಯಾನು ಬಂತು, ಪುಸ್ತಕ ಕೊಂಡೊಯ್ಯಲು. ದಪ್ಪ ಅಕ್ಷರದ ಪುಸ್ತಕಗಳು ಸಂಸ್ಥೆಯ ಆಸ್ತಿಯಂತೆ, ಇನ್ನೊಂದು ಕಡೆಗೆ ಬೇಕಂತೆ. ಕಾವೇರಿಯ ಕಾದಂಬರಿಯೂ ಅದರಲ್ಲಿ ಹೋಯಿತು. ಡ್ರೈವರ್ ಒಳ್ಳೆಯವನು. ಅದೊಂದು ಪುಸ್ತಕ ತೆಗೆದಿಟ್ಟುಕೊಳ್ಳಿ ಎಂದು ಕಣ್ಣು ಸನ್ನೆ ಮಾಡಿದ. ಸದಾಶಿವಣ್ಣ ಒಪ್ಪಲಿಲ್ಲ. “ಟಿಕೆಟ್ ಇಲ್ದೆ ನಾನು ಯಾರನ್ನೂ ಹತ್ತಿಸಿಲ್ಲ” ಎಂದು ಪೆಟ್ಟಿಗೆಯನ್ನು ತಾವೇ ಎತ್ತಿ ವ್ಯಾನಿಗೆ ಇಟ್ಟರು. ಬ್ಯಾಡ್ಜನ್ನೂ ಬಿಚ್ಚಿ ಕೊಟ್ಟರು. ಅದನ್ನು ಯಾರೂ ಕೇಳಿರಲಿಲ್ಲ.

ಮತ್ತೆ ಜಗಲಿಯಲ್ಲಿ ಓದಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಜಗಲಿಯೇ ಇರಲಿಲ್ಲ. ಪ್ರತಿಷ್ಠಾನದವರು ಅದಕ್ಕೆ ಅಲ್ಯುಮಿನಿಯಂ ಚೌಕಟ್ಟು, ಗಾಜು ಹಾಕಿಸಿ ಕಂಪ್ಯೂಟರ್ ಕೋಣೆ ಮಾಡಿದ್ದರು. ಕಂಪ್ಯೂಟರುಗಳು ಕೆಲವು ತಿಂಗಳಲ್ಲೇ ಕೆಟ್ಟವು. ರಿಪೇರಿಗೆ ಯಾರನ್ನು ಕೇಳಬೇಕೆಂದು ಗೊತ್ತಿಲ್ಲದೆ ಪಂಚಾಯಿತಿಯವರು ಬೀಗ ಹಾಕಿ, ಈಗ ಅದರಲ್ಲಿ ನೀರಿನ ಪೈಪು ತುಂಬಿದ್ದಾರೆ. ಆ ಹಳೆಯ ಬೆಂಚುಗಳನ್ನು ಆಗಲೇ ಗುಜರಿಗೆ ಹಾಕಿಯಾಗಿತ್ತು. ಆದರೂ ಸದಾಶಿವಣ್ಣ ಟ್ಯಾಂಕಿನ ಪಕ್ಕ ನೆರಳಿರುವ ಕಡೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶುಕ್ರವಾರ ಓದಲು ಕೂತರು. ಮೇಷ್ಟ್ರು ಬಂದರು. ಇನ್ನೂ ಮೂರು ನಾಲ್ಕು ಜನ. ಒಬ್ಬಾಕೆ ಸುತ್ತಲೂ ನೋಡಿ, “ಚಾ ಇಲ್ವಾ ಈಗ?” ಎಂದು ಕೇಳಿದಳು.

ಆಕೆ ಮೊದಲಿನಿಂದ ಬರುತ್ತಿದ್ದವಳು. ಚಹಾ ಎಂಬ ಮಾತೇ ಇಲ್ಲದಾಗ, ಕೊಡ ತುಂಬಿ ಹರಿಯುತ್ತಿದ್ದರೂ ಗಮನವಿಲ್ಲದೆ ನಿಂತು ಕೇಳುತ್ತಿದ್ದವಳು. ಕೆಟ್ಟ ಮನಸ್ಸಿನಿಂದ ಕೇಳಿದ್ದೂ ಅಲ್ಲ. ಸದಾಶಿವಣ್ಣ, “ಇಲ್ಲಮ್ಮ” ಎಂದು ಓದು ಮುಂದುವರಿಸಿದರು. ಅಧ್ಯಾಯ ಮುಗಿಯುವ ಮೊದಲೇ ಇಬ್ಬರು ಎದ್ದರು. ಅವರನ್ನು ತಡೆಯಲಿಲ್ಲ.

“ಮೊದ್ಲು ನಾನು ಓದ್ತಿದ್ದೆ, ಅವ್ರು ಕೇಳ್ತಿದ್ರು” ಎಂದರು ಆಮೇಲೆ ನನ್ನ ಹತ್ತಿರ. “ಈಗ ನಾನು ಎಂತದೋ ಕೊಡಬೇಕಾದವ, ಅವ್ರು ತಗೊಳ್ಳಬೇಕಾದವ್ರು. ಇದು ಯಾವಾಗ ಹಿಂಗಾಯ್ತು ತಂಗಿ?”

ಒಂದಷ್ಟು ದಿನ ಓಡಾಡಿ ಕಾವೇರಿಯ ಕಾದಂಬರಿಯ ಇನ್ನೊಂದು ಪ್ರತಿಯನ್ನು ನರಸಿಂಹರಾಜಪುರದ ಪರಿಚಯದವರೊಬ್ಬರ ಮನೆಯಿಂದ ತಂದುಕೊಟ್ಟೆ. ಸದಾಶಿವಣ್ಣನ ಮುಖ ಅರಳಿತು. ಭಾನುವಾರ ಬಸ್ಸು ಹತ್ತಿ ಬಸರೀಕಟ್ಟೆಗೆ ಹೊರಟರು. ಎಸ್ಟೇಟಿನ ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಸಂಸ್ಥೆಯ ವ್ಯಾನಾದರೆ ಸರಿ, ಹೀಗೆ ಒಬ್ಬೊಬ್ಬರೇ ಬಂದರೆ ಆಗುವುದಿಲ್ಲ ಎಂದು ಕಾವಲಿನವನು ಹೇಳಿದನಂತೆ. ಸಂತೆಗೆ ಹೊರಟ ಹೆಂಗಸರು ಹೊರಗೆ ಬರುವವರೆಗೆ ರಸ್ತೆ ಬದಿ ಕಾದರು. ಜಾನಕಿ ಮತ್ತು ಅವಳ ಜೊತೆಯವರು ಜೀಪು ಹತ್ತುವ ಅವಸರದಲ್ಲಿದ್ದರೂ ಇವರನ್ನು ಕಂಡು ನಿಂತರು.

“ತಂದಿದೀನಿ. ಇನ್ನೊಂದು ನಾಲ್ಕು ಭಾನುವಾರ ಹಿಂಗೆ ಬಂದ್ರೆ ಮುಗೀತದೆ” ಎಂದು ಪುಸ್ತಕ ತೋರಿಸಿದರಂತೆ.

“ಅದು ಮುಗೀತಲ್ಲ ಅಣ್ಣ” ಎಂದಳಂತೆ ಜಾನಕಿ. “ನೀವು ಬರದಿಲ್ಲ ಅಂತ ಗೊತ್ತಾಯ್ತಲ್ಲ, ನಾವೇ ಮುಗಿಸಿದ್ವಿ. ಗಂಡ ಸಿಕ್ದ. ಬೇರೆ ಸಂಸಾರ ಮಾಡ್ಕೊಂಡಿದ್ದ. ಇವ್ಳು ಅಲ್ಲೇ ಕೆಲ್ಸಕ್ಕೆ ಸೇರ್ಕೊಂಡ್ಲು. ಊರಿಗೆ ವಾಪಸ್ ಹೋಗ್ಲಿಲ್ಲ.”

ಇದನ್ನು ನನಗೆ ಹೇಳುವಾಗ ಸದಾಶಿವಣ್ಣನಿಗೆ ಅಳುವೋ ನಗುವೋ ತಿಳಿಯದಂಥ ಸ್ಥಿತಿ. “ಹಂಗೆಲ್ಲ ಮುಗಿಸಕ್ಕೆ ಆಗ್ತದಾ? ಪುಸ್ತಕದಲ್ಲಿ ಬೇರೆ ಇರ್ಬಹುದಲ್ಲ” ಎಂದರು. ನೋಡಿ ಹಾಗಾದರೆ, ಎಂದೆ. ತಲೆಯಾಡಿಸಿದರು. “ಯಾರಿಗೆ ಅಂತ ನೋಡ್ಲಿ.” ಪುಸ್ತಕ ನನ್ನ ಮೇಜಿನ ಮೇಲಿಟ್ಟು ಹೋದರು. ಅದರ ಮುಂದಿನ ಪುಟಗಳನ್ನು ಅವರು ಕೊನೆಗೂ ಓದಲಿಲ್ಲ.

ಅಲ್ಲಿಂದ ಲೈಬ್ರರಿಗೆ ಬರುವುದು ನಿಂತಿತು. ಶೃಂಗೇರಿಯಲ್ಲಿ ಪ್ರವಾಸಿಗರ ವಾಹನ ನಿಲ್ಲಿಸುವ ಜಾಗದಲ್ಲಿ ಕೆಲಸಕ್ಕೆ ಸೇರಿದರು ಎಂದು ರತ್ನಕ್ಕ ಹೇಳಿದರು. ಒಮ್ಮೆ ನೆಂಟರ ಜೊತೆ ಹೋದಾಗ ನೋಡಿದೆ. ನೀಲಿ ಸಮವಸ್ತ್ರ, ಕಾಲರಿನ ಹತ್ತಿರ ಬೆವರು, ಬಾಯಲ್ಲಿ ಸೀಟಿ. ಮೀಸೆ ಬೆಳ್ಳಗಾಗಿತ್ತು. ಹೊರ ಊರಿನ ಕಾರುಗಳಿಗೆ ಕೈಸನ್ನೆ ಮಾಡುತ್ತಿದ್ದವರು ನನ್ನನ್ನು ಕಂಡು ಸೀಟಿ ತೆಗೆದರು.

“ಹೆಂಗಿದೆ ಲೈಬ್ರರಿ?”

“ಹಾಗೇ ಇದೆ. ಬನ್ನಿ ಒಂದಿನ.”

“ವಾರಕ್ಕೆ ಒಂದೇ ದಿನ ರಜೆ. ಅದಕ್ಕೂ ಬೇರೆ ಕೆಲಸ ಇಟ್ಕೊಂಡಿದೀನಿ.”

ಏನು ಕೆಲಸ ಎಂದು ಹೇಳಲಿಲ್ಲ. ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು. “ಆ ಅಮ್ಮ ಸಮಾರಂಭದಲ್ಲಿ ನೋಡೋಣ ಅಂದ್ರಲ್ಲ ತಂಗಿ” ಎಂದರು ತಟ್ಟನೆ. “ನಾನು ಎರಡು ತಿಂಗಳು ಫೋನ್ ಕೈಯಲ್ಲೇ ಹಿಡ್ಕೊಂಡಿದ್ದೆ. ಸ್ನಾನಕ್ಕೆ ಹೋಗುವಾಗ ರತ್ನನ ಕೈಗೆ ಕೊಟ್ಟು ಹೋಗ್ತಿದ್ದೆ. ಆಗದಿಲ್ಲ ಅಂತ ಅವತ್ತೇ ಹೇಳಿದ್ರೆ ಹೋಳಿಗೆ ತಿನ್ನದೆ ಬರ್ತಿದ್ದೆ.” ಹೇಳಿ ಬಸ್ಸಿನ ಕಡೆ ನಡೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಕಳೆದ ಬೇಸಿಗೆಯಲ್ಲಿ ಕೆಲಸದಿಂದ ಬಂದು ಎದೆ ಹಿಡಿದುಕೊಂಡು ಕೂತವರು ಕೊಪ್ಪದ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಪ್ರತಿಷ್ಠಾನಕ್ಕೆ ನಾನೇ ಸುದ್ದಿ ಕಳಿಸಿದೆ. ಕೈಮುಗಿದ ಚಿಹ್ನೆಯೊಂದು ಮರಳಿ ಬಂತು.

ಮನೆಗೆ ಮಾತಾಡಿಸಲು ಹೋದಾಗ ರತ್ನಕ್ಕನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಕಡಹಿನಬೈಲಿನ ಗಿರಿಜಮ್ಮ. ಗದ್ದೆ ತೋಟದ ಕೂಲಿ ಕೆಲಸದವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸದಾಶಿವಣ್ಣ ರಜೆಯ ದಿನ ಎಲ್ಲಿಗೆ ಹೋಗುತ್ತಿದ್ದರು ಎಂದು ಆಗ ಗೊತ್ತಾಯಿತು.

“ವ್ಯಾನ್ ನಿಂತ ಮೇಲೂ ಬರ್ತಿದ್ರು ಮೇಡಂ” ಎಂದಳು ಗಿರಿಜಮ್ಮ. “ಓದಿ ಹೇಳಕ್ಕಲ್ಲ, ನನ್ ಕೈಲಿ ಓದಿಸಕ್ಕೆ. ನಂಗೆ ಅಕ್ಷರ ಬರ್ತಿತ್ತು, ಓಟ ಇರ್ಲಿಲ್ಲ. ‘ನಂಗೆ ಹತ್ತಿಸ್ಕೊಳ್ಳದು ಮಾತ್ರ ಗೊತ್ತಿತ್ತು ಗಿರಿಜಮ್ಮ, ಸ್ಟೇರಿಂಗ್ ಬೇರೆಯವ್ರ ಕೈಲಿತ್ತು. ನಿಂಗೆ ಹಂಗಾಗದು ಬೇಡ’ ಅಂತಿದ್ರು. ತಪ್ಪಾದ್ರೆ ಬೈತಿದ್ರು. ಈಗ ನಾನೇ ನಮ್ಮ ಹೆಂಗಸ್ರಿಗೆ ಊಟದ ಹೊತ್ತಲ್ಲಿ ಓದ್ತೀನಿ.”

ಇನ್ನೊಬ್ಬರ ಕೈಗೆ ಪುಸ್ತಕ ಕೊಡದಿದ್ದ ಮನುಷ್ಯ. ರತ್ನಕ್ಕನೂ ಈ ಮಾತನ್ನು ಅಂದೇ ಮೊದಲು ಕೇಳಿದ್ದು.

ಒಮ್ಮೆ ಹೋಗಿ ನೋಡಿದೆ. ರಸ್ತೆ ಬದಿಯ ಹಲಸಿನ ಮರದಡಿ, ಊಟದ ಡಬ್ಬಿ ತೊಳೆದಿಟ್ಟು, ಏಳೆಂಟು ಹೆಂಗಸರು ಕೂತಿದ್ದರು. ಗಿರಿಜಮ್ಮ ಪುಸ್ತಕವನ್ನು ಕೈಯಳತೆ ದೂರ ಹಿಡಿದು ನಿಧಾನವಾಗಿ ಓದುತ್ತಿದ್ದಳು. ಒಂದು ಪದಕ್ಕೆ ತಡವರಿಸಿದರೆ ಉಳಿದವರು ಊಹಿಸಿ ಹೇಳುತ್ತಿದ್ದರು, ಅದು ತಪ್ಪಾದರೆ ನಗುತ್ತಿದ್ದರು. ಯಾರ ಕುತ್ತಿಗೆಯಲ್ಲೂ ಏನೂ ನೇತಾಡುತ್ತಿರಲಿಲ್ಲ.

ಹೋದ ತಿಂಗಳು ಪ್ರತಿಷ್ಠಾನದಿಂದ ಮತ್ತೆ ಒಬ್ಬಳು ಬಂದಿದ್ದಳು. ಹೊಸಬಳು, ವಿನಯದ ಹುಡುಗಿ. ಮೂರು ತಾಲ್ಲೂಕುಗಳಲ್ಲಿ ಎಲ್ಲ ವಯಸ್ಸಿನವರ ಓದಿಗೆ ಹೊಸ ಯೋಜನೆ ಬರಲಿದೆಯಂತೆ. ಟ್ಯಾಬ್ ತೆರೆದು ಒಂದು ಚಿತ್ರ ತೋರಿಸಿದಳು. “ನಮಗೆ ಇಂಥ ಓದುಗರು ಬೇಕು ಮೇಡಂ. ಇದು ನಮ್ಮ ಬೇರೆ ಜಿಲ್ಲೆಯ ಕೆಲಸದ್ದು ಅಂತ ಕಾಣತ್ತೆ.”

ಹಳದಿ ಶರ್ಟು, ತೆರೆದ ಬಾಯಿ.

“ಇವರು ಇಲ್ಲಿಯವರೇ” ಎಂದೆ. “ತೀರಿಕೊಂಡರು.”

ಅವಳಿಗೆ ನಿಜವಾಗಿಯೂ ಕಸಿವಿಸಿಯಾಯಿತು. ಕ್ಷಮೆ ಕೇಳಿದಳು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು. “ಅವರ ತರ ಬೇರೆ ಯಾರಾದ್ರೂ ಇದಾರಾ ಮೇಡಂ, ಈ ಕಡೆ?”

ಗಿರಿಜಮ್ಮನಿಗೆ ಕನ್ನಡಕ ಬೇಕಿತ್ತು. ದಪ್ಪ ಅಕ್ಷರದ ಪುಸ್ತಕ ಬೇಕಿತ್ತು. ತಿಂಗಳಿಗೆ ಅಷ್ಟೋ ಇಷ್ಟೋ ಬಂದರೆ ಆ ಮನೆಗೆ ಬೇಡವೆನ್ನುವಂತಿರಲಿಲ್ಲ. ಇದೆಲ್ಲ ಆ ಹುಡುಗಿಯ ಕಾರಿನಲ್ಲಿತ್ತು ಎಂದೇ ಹೇಳಬಹುದು.

“ಇಲ್ಲ” ಎಂದೆ. “ಅಂಥವರು ಈಗ ಯಾರೂ ಇಲ್ಲ.”

ಅವಳು ಬರೆದುಕೊಂಡಳು. ಇನ್ನು ನರಸಿಂಹರಾಜಪುರದ ಕಡೆ ಹೋಗಬೇಕು, ದಾರಿಯ ಹಳ್ಳಿಗಳನ್ನೂ ನೋಡಿಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟಳು. ಕಾರು ತಿರುಗಿದ್ದೇ ನಾನು ಗಿರಿಜಮ್ಮನಿಗೆ ಫೋನ್ ಮಾಡಿದೆ. ಕಡಹಿನಬೈಲು ಆ ಕಡೆಯೇ, ಊಟದ ಹೊತ್ತೂ ಆಗುತ್ತಾ ಬಂದಿತ್ತು.

“ಇವತ್ತು ರಸ್ತೆ ಬದಿ ಕೂರ್ಬೇಡಿ ಗಿರಿಜಮ್ಮ. ಒಳಗೆಲ್ಲಾದ್ರೂ ಕೂತ್ಕೊಂಡು ಓದಿ.”

“ಯಾಕೆ ಮೇಡಂ? ಫಾರೆಸ್ಟಿನವ್ರು ಎಬ್ಬಿಸಕ್ಕೆ ಬರ್ತಿದಾರಾ?”

“ಅಲ್ಲ” ಎಂದೆ. “ಸಹಾಯ ಮಾಡೋರು ಬರ್ತಿದಾರೆ.”